ಒಂದೇ ಡಬ್ಬಿ, ಐದು ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಕೊಡುವವರು ಮನೆಗೆ ಬಂದು ಗೋಡೆಗೆ ಒಂದು ಡಬ್ಬಿ ಸಿಕ್ಕಿಸಿ ಹೋಗಿರುತ್ತಾರಲ್ಲ, ಅದನ್ನೊಮ್ಮೆ ಕಣ್ಮುಂದೆ ತಂದುಕೊಳ್ಳಿ. ಮುಂದೆ ನಾಲ್ಕೈದು ಹಸಿರು ದೀಪ, ಹಿಂದೆ ನಾಲ್ಕು ಪೋರ್ಟ್, ಮೇಲೆ ಎರಡು ಆಂಟೆನಾ. ಕೆಲವರು ಅದನ್ನು ರೌಟರ್ ಅನ್ನುತ್ತಾರೆ, ಕೆಲವರು ಮೋಡೆಮ್ ಅನ್ನುತ್ತಾರೆ, ಮನೆಯ ಮಕ್ಕಳಿಗೆ ಅದು ಬರೀ ವೈಫೈ. ಮೂರೂ ಸರಿಯೇ. ಏಕೆಂದರೆ ಆ ಡಬ್ಬಿಯೊಳಗೆ ಐವರು ಕೆಲಸಗಾರರು ಒಂದೇ ಕೋಣೆಯಲ್ಲಿ ಕೂತಿದ್ದಾರೆ. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವವನೊಬ್ಬ. ಮನೆಯ ಜಾಲಕ್ಕೂ ಹೊರಜಗತ್ತಿಗೂ ನಡುವೆ ಹೊಸ್ತಿಲಲ್ಲಿ ನಿಂತು ಹೋಗುವವರನ್ನೂ ಬರುವವರನ್ನೂ ವಿಚಾರಿಸುವವನೊಬ್ಬ, ನಿಜವಾದ ರೌಟರ್ ಇವನೇ. ಹಿಂದಿನ ನಾಲ್ಕು ಪೋರ್ಟುಗಳ ನಡುವೆ ಮಾಹಿತಿ ಹಂಚುವ ಸ್ವಿಚ್ ಮೂರನೆಯವನು. ರೇಡಿಯೊ ಅಲೆ ಹರಡುವ ಆಕ್ಸೆಸ್ ಪಾಯಿಂಟ್ ನಾಲ್ಕನೆಯವನು. ತಾಣದ ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಐದನೆಯವನು.

ನೆಟ್ ಕೈಕೊಟ್ಟ ದಿನ ಈ ಐವರಲ್ಲಿ ಯಾರ ತಪ್ಪು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರೂ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ಒಮ್ಮೊಮ್ಮೆ ಸರಿಹೋಗುತ್ತದೆ. ಯಾಕೆ ಸರಿಹೋಯಿತು ಎಂದು ತಿಳಿಯದ್ದರಿಂದ ಮುಂದಿನ ವಾರ ಮತ್ತೆ ಅದೇ ಪಾಡು. ಇನ್ನೊಂದು ಕಡೆ, ಮನೆಯ ಜಾಲ ಕಟ್ಟುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಅವರ ಮನೆಯಲ್ಲಿ ಯಂತ್ರಗಳನ್ನು ಒಂದರ ಮೇಲೊಂದು ಸಿಕ್ಕಿಸಿಡುವ 19 ಇಂಚು ಅಗಲದ ರ‍್ಯಾಕ್ ಇರುತ್ತದೆ, ಅದರಲ್ಲಿ ಸಾಲಾಗಿ ಸ್ವಿಚ್ಚುಗಳು, ಸದಾ ಚಾಲೂ ಇದ್ದು ಕಡತ ಒದಗಿಸುವ ಸರ್ವರುಗಳು, ಬಣ್ಣಬಣ್ಣದ ಕೇಬಲ್ಲುಗಳು. ಇದೆಲ್ಲ ಒಂದು ಮನೆಗೆ ಯಾಕೆ ಬೇಕು ಎಂದು ಕೇಳುತ್ತಾರೆ. ಹಲವು ವರ್ಷ ಇದೇ ಹುಚ್ಚಿನಲ್ಲಿ ಕಳೆದ ನನ್ನ ಉತ್ತರ ಇದು: ಒಬ್ಬೊಬ್ಬ ಕೆಲಸಗಾರನನ್ನೂ ಬೇರೆ ಕೋಣೆಯಲ್ಲಿ ಕೂರಿಸಿದರೆ, ತಪ್ಪು ಯಾರದು ಎಂದು ಬೆರಳಿಟ್ಟು ತೋರಿಸಬಹುದು. ಅದಕ್ಕೆ ರ‍್ಯಾಕ್ ಇರಲೇಬೇಕೆಂದಿಲ್ಲ, ಒಂದು ಕಪಾಟಿನ ಮೂಲೆಯೂ ಸಾಕು.

ಈ ಕೆಲಸವನ್ನು ತಂತಿಯಿಂದ ಶುರುಮಾಡಬೇಕು. ಯಂತ್ರಗಳನ್ನು ತಂತಿಯಲ್ಲಿ ಜೋಡಿಸುವ ವಿಧಾನಕ್ಕೆ ಈಥರ್ನೆಟ್ ಎಂಬ ಹೆಸರು ಹುಟ್ಟಿದ್ದು 1973ರ ಮೇ ತಿಂಗಳಲ್ಲಿ, ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ. ರಾಬರ್ಟ್ ಮೆಟ್‌ಕಾಫ್ ಬರೆದ ಒಂದು ಟಿಪ್ಪಣಿಯಲ್ಲಿ ಆ ಪದ ಬಂತು. ಬೆಳಕು ಹರಿಯಲು ಆಕಾಶದ ತುಂಬ ಈಥರ್ ಎಂಬ ವಸ್ತು ಇದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ಆ ಹೆಸರನ್ನು ಮೆಟ್‌ಕಾಫ್ ಒಂದು ದಪ್ಪ ಕೇಬಲ್ಲಿಗೆ ಇಟ್ಟರು. ಅವರೂ ಡೇವಿಡ್ ಬಾಗ್ಸ್ ಅವರೂ ಸೇರಿ ಕಟ್ಟಿದ ಆ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಇಂದು ಮನೆಗೆ ಎಳೆಯುವ ಕ್ಯಾಟ್ 6 ಕೇಬಲ್ 100 ಮೀಟರ್ ದೂರಕ್ಕೆ ಸೆಕೆಂಡಿಗೆ 1 ಗಿಗಾಬಿಟ್, ಅಂದರೆ 1,000 ಮೆಗಾಬಿಟ್, ಒಯ್ಯುತ್ತದೆ. ಅನುಕೂಲವಾದ ಪರಿಸ್ಥಿತಿಯಲ್ಲಿ 55 ಮೀಟರ್ ಒಳಗೆ 10 ಗಿಗಾಬಿಟ್ಟನ್ನೂ ಹೊರುತ್ತದೆ.

ಆ ಕೇಬಲ್ಲಿನ ಸಿಪ್ಪೆ ಸುಲಿದು ನೋಡಿದರೆ ಎಂಟು ತಂತಿಗಳು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಈ ಹೆಣಿಗೆಯನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಹೊರಗಿನ ಮೋಟರ್, ದೀಪ, ಪಕ್ಕದ ವಿದ್ಯುತ್ ತಂತಿ ಇವುಗಳ ಗದ್ದಲ ಹೆಣೆದ ಎರಡೂ ತಂತಿಗಳ ಮೇಲೆ ಒಂದೇ ಸಮನಾಗಿ ಬೀಳುತ್ತದೆ. ಆಚೆ ತುದಿಯಲ್ಲಿರುವ ಯಂತ್ರ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುತ್ತದೆ. ಎರಡರಲ್ಲೂ ಇರುವ ಗದ್ದಲ ಆ ಕಳೆಯುವ ಲೆಕ್ಕದಲ್ಲಿ ಕರಗಿಹೋಗುತ್ತದೆ. ಹೆಣೆದ ಜೋಡಿ ತಂತಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು 1881ರಲ್ಲಿ, ದೂರವಾಣಿಗಾಗಿ. ಆ ಉಪಾಯವೇ ಇವತ್ತಿಗೂ ನಮ್ಮ ಗೋಡೆಯೊಳಗಿದೆ.

ಕೇಬಲ್ಲಿನ ತುದಿಗೆ ಪ್ಲಗ್ ಕೂರಿಸುವುದನ್ನು ಕ್ರಿಂಪಿಂಗ್ ಅನ್ನುತ್ತಾರೆ. ಅದಕ್ಕೊಂದು ಬಣ್ಣಗಳ ಸಾಲಿದೆ, ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಳ್ಳಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಒಡೆದು ನೀಲಿಯ ಆಚೆಗೊಂದು ಈಚೆಗೊಂದು ನಿಂತದ್ದನ್ನು ಗಮನಿಸಿದಿರಾ? ಮೊದಮೊದಲು ನನಗದು ಅಡ್ಡಾದಿಡ್ಡಿಯಾಗಿ ಕಂಡಿತ್ತು. ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಸಾಕಲ್ಲ ಎಂದುಕೊಂಡು ಜೋಡಿಗಳನ್ನು ಸಾಲಾಗಿ ಜೋಡಿಸಿಬಿಟ್ಟೆ. ಸಣ್ಣ ಟೆಸ್ಟರಿನಲ್ಲಿ ಎಂಟೂ ದೀಪ ಸರಿಯಾಗಿ ಹತ್ತಿದವು. ಆದರೆ ಜಾಲ ಗಳಿಗೆಗೊಮ್ಮೆ ಕಡಿದುಹೋಗುತ್ತಿತ್ತು. ಯಂತ್ರಗಳು 3 ಮತ್ತು 6ನೆಯ ತಂತಿಗಳನ್ನು ಒಂದು ಜೋಡಿ ಎಂದು ಬಳಸುತ್ತವೆ. ನನ್ನ ಕೇಬಲ್ಲಿನಲ್ಲಿ ಅವೆರಡೂ ಬೇರೆ ಬೇರೆ ಹೆಣಿಗೆಯಲ್ಲಿದ್ದವು, ಗದ್ದಲ ಕಳೆಯುವ ಲೆಕ್ಕವೇ ತಪ್ಪಿಹೋಗಿತ್ತು. ಟೆಸ್ಟರಿನ ದೀಪ ತಂತಿ ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳುತ್ತದೆ ಎಂದು ನಾನು ಕಲಿತದ್ದು ಆ ದಿನ. ಇನ್ನೊಂದು ಮಾತು: ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಕೇಬಲ್ ಕೊಳ್ಳಬೇಡಿ. ಅದಕ್ಕೆ ರೋಧ ಹೆಚ್ಚು, ಬಗ್ಗಿಸಿದರೆ ಮುರಿಯುತ್ತದೆ, ವಿದ್ಯುತ್ತನ್ನೂ ಅದರಲ್ಲೇ ಕಳಿಸಿದರೆ ಬಿಸಿಯಾಗುತ್ತದೆ. ಪೂರ್ತಿ ತಾಮ್ರವೇ ಬೇಕು.

ಹೌದು, ಆ ಕೇಬಲ್ಲಿನಲ್ಲಿ ವಿದ್ಯುತ್ತನ್ನೂ ಕಳಿಸಬಹುದು. ಪವರ್ ಓವರ್ ಈಥರ್ನೆಟ್ ಎಂಬ ಈ ವಿಧಾನದ ಮೊದಲ ನಿಯಮ 2003ರಲ್ಲಿ ಬಂತು, 15.4 ವ್ಯಾಟ್ ವರೆಗೆ. 2009ರಲ್ಲಿ ಅದು 30 ವ್ಯಾಟ್ ಆಯಿತು, 2018ರಲ್ಲಿ 90ಕ್ಕೆ ಏರಿತು. ಇದರಿಂದಾಗಿ ವೈಫೈ ಹರಡುವ ಆಕ್ಸೆಸ್ ಪಾಯಿಂಟನ್ನು ಪ್ಲಗ್ ಇರುವ ಮೂಲೆಯಲ್ಲೇ ಇಡಬೇಕಾಗಿಲ್ಲ. ಮನೆಯ ನಡುಮಧ್ಯೆ, ಸೂರಿಗೆ ಅಂಟಿಸಿ ಕೂರಿಸಬಹುದು. ನನ್ನ ಮಟ್ಟಿಗೆ ಮನೆಯ ವೈಫೈ ಅತಿ ಹೆಚ್ಚು ಸುಧಾರಿಸಿದ್ದು ಈ ಒಂದು ಬದಲಾವಣೆಯಿಂದ, ಯಾವ ದುಬಾರಿ ಯಂತ್ರದಿಂದಲೂ ಅಲ್ಲ.

ವೈಫೈ ಬಗ್ಗೆ ಒಂದು ವಿಷಯ ಅರ್ಥವಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಈಗ ನಾನು ಮಾತನಾಡುತ್ತಿದ್ದೇನೆ, ನೀವು ಕೇಳುತ್ತಿದ್ದೀರಿ. ಇದೇ ತರಂಗಾಂತರದಲ್ಲಿ ಇನ್ನೊಬ್ಬರು ಮಾತು ಶುರುಮಾಡಿದರೆ ಇಬ್ಬರದೂ ಕೇಳಿಸದು. ವೈಫೈ ಕೂಡ ರೇಡಿಯೊ. ಒಂದು ಚಾನೆಲ್ಲಿನಲ್ಲಿ ಒಂದು ಗಳಿಗೆಗೆ ಒಬ್ಬರೇ ಮಾತನಾಡಬೇಕು, ಉಳಿದವರು ಸರದಿ ಕಾಯಬೇಕು. ಪಕ್ಕದ ಮನೆಯ ವೈಫೈ ಅದೇ ಚಾನೆಲ್ಲಿನಲ್ಲಿದ್ದರೆ ಅವರೂ ಅದೇ ಸರದಿಯಲ್ಲಿ ನಿಂತಿರುತ್ತಾರೆ. ಆದ್ದರಿಂದ ಚಲಿಸದ ವಸ್ತುಗಳನ್ನು, ಅಂದರೆ ಟಿವಿ, ಮೇಜಿನ ಕಂಪ್ಯೂಟರ್, ಆಟದ ಯಂತ್ರ ಇವನ್ನೆಲ್ಲ ತಂತಿಗೆ ಕಟ್ಟಿದರೆ ಕೈಯಲ್ಲಿ ಓಡಾಡುವ ಫೋನುಗಳಿಗೆ ಗಾಳಿ ತೆರವಾಗುತ್ತದೆ. ವೈಫೈ ಚುರುಕಾಗಲು ನಾನು ಹೇಳುವ ಮೊದಲ ಉಪಾಯ ಇನ್ನಷ್ಟು ತಂತಿ ಎಳೆಯುವುದೇ. ವೈಫೈ ಬಳಸುವ ತರಂಗಾಂತರಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಮೈಕ್ರೋವೇವ್ ಒಲೆ ಗದ್ದಲ ಎಬ್ಬಿಸುವುದೂ ಅಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ, ಆದರೆ ಗೋಡೆ ದಾಟುವಾಗ ಅದು ಬೇಗ ಸೊರಗುತ್ತದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಗಾಳಿಯಲ್ಲೇ ದಾಟಿಸುವ ಮೆಶ್ ವ್ಯವಸ್ಥೆಯಲ್ಲಿ ಒಂದೇ ಮಾತನ್ನು ಎರಡು ಸಲ ಆಡಬೇಕಾಗುತ್ತದೆ. ಅವುಗಳ ನಡುವೆ ಒಂದು ತಂತಿ ಎಳೆಯಲು ಸಾಧ್ಯವಿದ್ದರೆ ಎಳೆದುಬಿಡಿ.

ಸ್ವಿಚ್ ಬಗ್ಗೆ ಹೇಳುವಾಗ ನನ್ನದೇ ಒಂದು ರಾತ್ರಿ ನೆನಪಾಗುತ್ತದೆ. ಕೇಬಲ್ಲುಗಳನ್ನು ಒಪ್ಪ ಮಾಡುತ್ತ ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಚುಚ್ಚಿಬಿಟ್ಟಿದ್ದೆ. ಕೆಲವೇ ಸೆಕೆಂಡುಗಳಲ್ಲಿ ಅದರ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿನುಗತೊಡಗಿದವು, ಮನೆಯ ಒಂದೊಂದು ಯಂತ್ರವೂ ಸ್ತಬ್ಧ. ಎಲ್ಲರಿಗೂ ಎಂದು ಕೂಗಿದ ಒಂದು ಸಂದೇಶ ಆ ಉರುಳಿನಲ್ಲಿ ಸಿಕ್ಕಿ ಸುತ್ತುತ್ತ, ಸುತ್ತುತ್ತ ಪೂರ್ತಿ ದಾರಿಯನ್ನೇ ತುಂಬಿಬಿಡುತ್ತದೆ. ಇದಕ್ಕೆ 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಪರಿಹಾರ ಕಂಡುಹಿಡಿದರು. ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಇಡೀ ಜಾಲವನ್ನು ಸುತ್ತುಗಳಿಲ್ಲದ ಒಂದು ಮರದಂತೆ ಮಾಡಿಕೊಂಡು, ಹೆಚ್ಚುವರಿ ಕೊಂಬೆಗಳನ್ನು ಮುಚ್ಚಿಡುತ್ತವೆ. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು. ನನ್ನ ಬಳಿ ಇದ್ದ ಸಾದಾ ಸ್ವಿಚ್ಚಿನಲ್ಲಿ ಆ ಬುದ್ಧಿ ಇರಲಿಲ್ಲ. ಮ್ಯಾನೇಜ್ಡ್ ಸ್ವಿಚ್ ಎಂದು ಕರೆಯುವ ಬಗೆಯಲ್ಲಿ ಇರುತ್ತದೆ, ಹವ್ಯಾಸಿಗಳು ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಲು ಇದೊಂದು ಕಾರಣ.

ಇನ್ನೊಂದು ಕಾರಣ ವಿಎಲ್‌ಎಎನ್. ಒಂದೇ ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಗೋಡೆ ಕಟ್ಟಿ ಎರಡು ಮೂರು ಜಾಲಗಳಾಗಿ ಒಡೆಯುವುದು. 2016ರಲ್ಲಿ ಮಿರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಮನೆಗಳ ಕ್ಯಾಮೆರಾ, ರೌಟರುಗಳೊಳಗೆ ನುಗ್ಗಿತು. ಅದರ ಕೈಯಲ್ಲಿದ್ದ ಆಯುಧ ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಜೊತೆ ಹೆಸರು-ಪಾಸ್‌ವರ್ಡುಗಳ ಪಟ್ಟಿ, ಅಷ್ಟೆ. ಆ ವರ್ಷದ ಅಕ್ಟೋಬರ್ 21ರಂದು ಆ ಮನೆಯಂತ್ರಗಳ ದಂಡೇ ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಯ ಮೇಲೆ ಮುಗಿಬಿದ್ದು, ದೊಡ್ಡ ದೊಡ್ಡ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಕ್ಯಾಮೆರಾ, ಬುದ್ಧಿವಂತ ಬಲ್ಬು ಇಂಥವನ್ನು ಒಂದು ಜಾಲದಲ್ಲಿ, ನಿಮ್ಮ ಕಡತಗಳಿರುವ ಕಂಪ್ಯೂಟರನ್ನು ಇನ್ನೊಂದರಲ್ಲಿ ಇಡಿ. ಪಾಸ್‌ವರ್ಡನ್ನಂತೂ ಡಬ್ಬಿ ಬಿಚ್ಚಿದ ದಿನವೇ ಬದಲಿಸಬೇಕು.

ಈಗ ಹೊಸ್ತಿಲಲ್ಲಿ ನಿಂತ ರೌಟರ್. 2002ರ ಕೊನೆಗೆ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ 54ಜಿ ಎಂಬ ನೀಲಿ-ಕಪ್ಪು ಡಬ್ಬಿ ಬಂತು. ಅದರೊಳಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಓಡುತ್ತಿದೆ ಎಂದು ಹವ್ಯಾಸಿಗಳು ಪತ್ತೆಹಚ್ಚಿದರು. ಲಿನಕ್ಸ್‌ನ ಪರವಾನಗಿಯಂತೆ ಕಂಪನಿ 2003ರಲ್ಲಿ ಅದರ ಮೂಲಸಂಕೇತ ಬಿಡುಗಡೆ ಮಾಡಿತು. ಅದರಿಂದ 2004ರಲ್ಲಿ ರೌಟರುಗಳಿಗೆ ಹಾಕಿಕೊಳ್ಳುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು, ಇಂದಿಗೂ ನೂರಾರು ಮಾದರಿಯ ರೌಟರುಗಳಿಗೆ ಅದು ಹೊಸ ಜೀವ ಕೊಡುತ್ತಿದೆ. ಕಂಪನಿ ಕೈಬಿಟ್ಟ ಹಳೆಯ ಯಂತ್ರವೂ ಸುರಕ್ಷತೆಯ ತಿದ್ದುಪಡಿಗಳನ್ನು ಪಡೆಯುತ್ತ ಬದುಕುತ್ತದೆ. ಎರಡು ನೆಟ್‌ವರ್ಕ್ ಪೋರ್ಟ್ ಇರುವ ಸಣ್ಣ ಕಂಪ್ಯೂಟರಿಗೆ ಇದೇ ಬಗೆಯ ತಂತ್ರಾಂಶಗಳಾದ ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಹಾಕಿ ರೌಟರ್ ಮಾಡಿಕೊಳ್ಳುವವರೂ ಇದ್ದಾರೆ.

ಇಷ್ಟೆಲ್ಲ ಕಷ್ಟಪಟ್ಟು ರೌಟರನ್ನು ಬೇರೆ ಮಾಡಿದ್ದಕ್ಕೆ ನನಗೆ ಸಿಕ್ಕ ದೊಡ್ಡ ಫಲ ಯಾವುದೆಂದು ಹೇಳುತ್ತೇನೆ. ಮನೆಯಲ್ಲಿ ಯಾರಾದರೂ ಫೋಟೊಗಳನ್ನು ಇಂಟರ್ನೆಟ್ಟಿಗೆ ಕಳಿಸುತ್ತಿದ್ದರೆ ಇನ್ನೊಬ್ಬರ ವಿಡಿಯೊ ಕರೆ ತಡವರಿಸುತ್ತಿತ್ತು. ವೇಗ ಅಳೆದರೆ ಏನೂ ಕೊರತೆಯಿಲ್ಲ. ತೊಂದರೆ ಇದ್ದದ್ದು ಸರದಿಯಲ್ಲಿ. ಒಂದು ಮಾಹಿತಿಯೂ ಕಳೆದುಹೋಗಬಾರದೆಂದು ಯಂತ್ರ ತಯಾರಿಸುವವರು ದೊಡ್ಡ ದೊಡ್ಡ ಸಂಗ್ರಹ, ಅಂದರೆ ಬಫರ್, ಇಟ್ಟಿರುತ್ತಾರೆ. ಫೋಟೊಗಳು ಅದನ್ನು ತುಂಬಿಬಿಟ್ಟರೆ, ಹಿಂದಿನಿಂದ ಬಂದ ಒಂದು ಚಿಕ್ಕ ಮಾತು ಅಷ್ಟೂ ಫೋಟೊ ಹೊರಹೋಗುವ ತನಕ ಕಾಯಬೇಕು. ಬಫರ್‌ಬ್ಲೋಟ್ ಎಂದು ಇದಕ್ಕೆ ಹೆಸರಿಟ್ಟವರು ಜಿಮ್ ಗೆಟ್ಟಿಸ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್, ಸರದಿ ಎಷ್ಟು ಉದ್ದವಿದೆ ಎನ್ನುವುದರ ಬದಲು ಒಳಗೆ ಎಷ್ಟು ಹೊತ್ತು ಕಾಯಬೇಕಾಯಿತು ಎಂದು ಅಳೆಯುವ ಕೋಡೆಲ್ ವಿಧಾನ ಪ್ರಕಟಿಸಿದರು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದರ ಮುಂದಿನ ಪೀಳಿಗೆಯ ವಿಧಾನಗಳಿವೆ. ಇಂಟರ್ನೆಟ್ ಸಂಪರ್ಕದ ನಿಜವಾದ ವೇಗದ 90 ಶೇಕಡದಷ್ಟಕ್ಕೆ ಮಿತಿ ಹಾಕಿ ಅದನ್ನು ಚಾಲೂ ಮಾಡಿದೆ. ಅಳತೆಯಲ್ಲಿ ವೇಗ ಕಡಿಮೆಯಾಯಿತು, ಕರೆ ತಡವರಿಸುವುದು ನಿಂತಿತು. ಹೆಚ್ಚು ವೇಗದ ಯೋಜನೆಗೆ ಹಣ ಕಟ್ಟುವ ಮುಂಚೆ ದಯವಿಟ್ಟು ಇದನ್ನೊಮ್ಮೆ ಮಾಡಿನೋಡಿ.

ಸರ್ವರುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕಂಪನಿಗಳು ಬಳಸಿ ಬಿಟ್ಟ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಗುತ್ತದೆ, ನೋಡಲು ಗಂಭೀರವಾಗಿರುತ್ತದೆ. ಕೊಳ್ಳುವ ಮುಂಚೆ ಲೆಕ್ಕ ಹಾಕಿ: ವರ್ಷವಿಡೀ ಉರಿಯುವ 1 ವ್ಯಾಟ್ ಎಂದರೆ 8.76 ಯೂನಿಟ್ ವಿದ್ಯುತ್. ಸುಮ್ಮನೆ ಕೂತಾಗಲೂ 150 ವ್ಯಾಟ್ ತಿನ್ನುವ ಯಂತ್ರ ವರ್ಷಕ್ಕೆ 1,314 ಯೂನಿಟ್ ನುಂಗುತ್ತದೆ, 10 ವ್ಯಾಟ್‌ನ ಪುಟ್ಟ ಕಂಪ್ಯೂಟರ್ 88ಕ್ಕಿಂತ ಕಡಿಮೆ. ಮನೆಯ ಕಡತ, ಫೋಟೊ ಇಡಲು ಆ ಪುಟ್ಟದೇ ಸಾಕು, ಅದರ ಫ್ಯಾನಿನ ಸದ್ದೂ ನಿದ್ದೆಗೆಡಿಸದು. ಕಡತಗಳನ್ನು ಇಡುವ ನಾಸ್ ಯಂತ್ರದಲ್ಲಿ ಎರಡು ಡಿಸ್ಕುಗಳಿಗೆ ಒಂದೇ ಮಾಹಿತಿ ಬರೆಯುವ ರೈಡ್ ಇದ್ದರೆ, ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುತ್ತದೆ. ಆದರೆ ನೀವೇ ಒಂದು ಕಡತ ಅಳಿಸಿದರೆ ಅದು ಎರಡರಲ್ಲೂ ಅಳಿಯುತ್ತದೆ. ಆದ್ದರಿಂದ ಇನ್ನೊಂದು ಪ್ರತಿ ಬೇರೆ ಯಂತ್ರದಲ್ಲಿ, ಮತ್ತೊಂದು ಮನೆಯಿಂದಾಚೆ ಇರಲೇಬೇಕು. ಇದರಲ್ಲಿ ಮಾತ್ರ ಯಾರೂ ಉದಾಸೀನ ಮಾಡಬಾರದು.

ಜಾಹೀರಾತು ತಾಣಗಳ ಹೆಸರು ಕೇಳಿದಾಗ ವಿಳಾಸ ಕೊಡದ ಪೈ-ಹೋಲ್ ಎಂಬ ತಂತ್ರಾಂಶವನ್ನು ರಾಸ್ಪ್‌ಬೆರ್ರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿನಲ್ಲಿ ಓಡಿಸಬಹುದು. ಆಗ ನಮ್ಮ ಐದನೆಯ ಕೆಲಸಗಾರನಿಗೂ ಸ್ವಂತ ಕೋಣೆ ಸಿಕ್ಕಿತು. ಆದರೆ ಆ ಪುಟ್ಟ ಯಂತ್ರ ನಿಂತರೆ ತಂತಿ, ವೈಫೈ ಎಲ್ಲ ಸರಿಯಿದ್ದೂ ಒಂದು ತಾಣವೂ ತೆರೆಯದು. ನಾನು ಊರಲ್ಲಿಲ್ಲದ ಒಂದು ದಿನ ಹಾಗೇ ಆಯಿತು. ಮನೆಯವರು ಇಡೀ ದಿನ ನೆಟ್ ಇಲ್ಲದೆ ಕೂತಿದ್ದರು. ಎಲ್ಲ ಬಿಡಿಸಿ ಕಟ್ಟಿದ್ದ ನನಗೆ ತಪ್ಪು ಎಲ್ಲಿದೆಯೆಂದು ಫೋನಿನಲ್ಲೇ ತಿಳಿಯಿತು, ಅವರಿಗೆ ತಿಳಿಯುವ ದಾರಿಯನ್ನೇ ನಾನು ಮಾಡಿಟ್ಟಿರಲಿಲ್ಲ.

ಈಗ ಆ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಕೇಬಲ್ಲುಗಳ ಎರಡೂ ತುದಿಗೆ ಸಂಖ್ಯೆಯ ಚೀಟಿ ಇದೆ, ಯಾವ ಸಂಖ್ಯೆ ಯಾವ ಕೋಣೆಗೆ ಎಂದು ಹಾಳೆಯಲ್ಲಿ ಬರೆದಿದೆ. ಡಬ್ಬಿಗಳಿಗೂ ಸಂಖ್ಯೆ ಇದೆ: ಬೆಳಕಿನ ಸಂಕೇತ ಬದಲಿಸುವುದು 1, ರೌಟರ್ 2. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಮೊದಲು 1ನೆಯ ಡಬ್ಬಿಯ ದೀಪ ನೋಡಿ, ಅದು ಕೆಂಪಾಗಿದ್ದರೆ ತೊಂದರೆ ಹೊರಗಿನದು, ಕಂಪನಿಗೆ ಫೋನ್ ಮಾಡಿ. ಹಸಿರಾಗಿದ್ದರೆ 2ನೆಯದನ್ನು ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಬಾರದಿದ್ದರೆ ಹಳದಿ ಕೇಬಲ್ ಕಿತ್ತು ಪಕ್ಕದ ಪೋರ್ಟಿಗೆ ಚುಚ್ಚಿ, ಪೈ-ಹೋಲ್ ಇಲ್ಲದೆ ನೆಟ್ ನಡೆಯುತ್ತದೆ. ಹೋದ ತಿಂಗಳು ನಾನಿಲ್ಲದಾಗ ಒಮ್ಮೆ ನೆಟ್ ನಿಂತಿತ್ತಂತೆ. ನನಗೆ ಫೋನ್ ಬರಲಿಲ್ಲ.

ನಮಸ್ಕಾರ.