ಹಸನ್ ಅಲ್ ತುರಾಬಿ: ಅರಮನೆಗೊಬ್ಬರು, ಜೈಲಿಗೊಬ್ಬರು

ಕೇಳುಗರಿಗೆ ನಮಸ್ಕಾರ.

ಸುಡಾನಿನ ಇಸ್ಲಾಮಿಸ್ಟ್ ಚಳವಳಿಯ ನಾಯಕ ಹಸನ್ ಅಲ್ ತುರಾಬಿಯ ಮಾತು ಬಂದಾಗಲೆಲ್ಲ ಜನ ಮೊದಲು ಕೇಳುವುದು, ಅವರು ಏನು ಬೋಧಿಸಿದರು ಅಂತ. ಬೋಧನೆ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಹೋಯಿತು. ಬದಲಾಗದೆ ಉಳಿದದ್ದು ಕೆಲಸದ ರೀತಿ: ಚುನಾವಣೆ ಗೆಲ್ಲಲಾಗದಿದ್ದರೂ ರಾಜ್ಯಾಡಳಿತದ ಒಳಗೆ ಜಾಗ ಹಿಡಿಯುವುದು. ವಿಶ್ವವಿದ್ಯಾಲಯ, ಬ್ಯಾಂಕು, ಕಾನೂನು, ಸೈನ್ಯ. ಈ ನಾಲ್ಕನ್ನು ಹಿಡಿದುಕೊಂಡು ಕೇಳಿ, ಮಿಕ್ಕದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ತುರಾಬಿ ಹುಟ್ಟಿದ್ದು 1932ರಲ್ಲಿ, ಪೂರ್ವ ಸುಡಾನಿನ ಕಸ್ಸಲಾ ಊರಿನಲ್ಲಿ. ತಂದೆ ಷರಿಯಾ ನ್ಯಾಯಾಲಯದ ಖಾಜಿ. ಕುರಾನು, ಅರಬ್ಬಿ ವ್ಯಾಕರಣ ಎರಡೂ ತಂದೆಯ ಕೈಕೆಳಗೇ ಆಯಿತು. ಆಮೇಲೆ ಖಾರ್ಟೂಮಿನಲ್ಲಿ ಕಾನೂನು ಪದವಿ, ಲಂಡನ್ನಿನಲ್ಲಿ ಸ್ನಾತಕೋತ್ತರ, 1964ರಲ್ಲಿ ಪ್ಯಾರಿಸ್ಸಿನ ಸೋರ್ಬಾನಿನಿಂದ ಡಾಕ್ಟರೇಟು. ಇಂಥವರನ್ನು 'ಮುಲ್ಲಾ' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರಲ್ಲ, ಅದು ಶುದ್ಧ ಸೋಮಾರಿತನ. ಅವರು ಸಂವಿಧಾನ ಓದಿದ ವಕೀಲರು. ಡಾಕ್ಟರೇಟಿನ ವಿಷಯ ಯಾವುದು ಅಂತೀರಿ? ಪ್ರಜಾಪ್ರಭುತ್ವದಲ್ಲಿ ತುರ್ತು ಪರಿಸ್ಥಿತಿಯ ಅಧಿಕಾರಗಳು. ಇದಕ್ಕೆ ಆಮೇಲೆ ಬರುತ್ತೇನೆ.

ಅದೇ ವರ್ಷ ಊರಿಗೆ ಮರಳಿ ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತರು. ದಕ್ಷಿಣ ಸುಡಾನಿನ ಯುದ್ಧ ನಿಲ್ಲಬೇಕಾದರೆ ಮೊದಲು ಸೇನಾಡಳಿತ ಹೋಗಬೇಕು ಎಂದು ತುಂಬಿದ ಸಭೆಯಲ್ಲಿ ಹೇಳಿದರು. ಅಕ್ಟೋಬರಿನಲ್ಲಿ ಚಳವಳಿ ಎದ್ದು ಜನರಲ್ ಅಬ್ಬೂದ್ ಅಧಿಕಾರ ಬಿಟ್ಟರು. ಮೇಷ್ಟ್ರು ರಾಜಕಾರಣಿಯಾದರು.

1969ರಲ್ಲಿ ಇನ್ನೊಂದು ಸೇನಾ ದಂಗೆ. ನಿಮೇರಿ ಬಂದರು, ತುರಾಬಿ ವರ್ಷಗಟ್ಟಲೆ ಜೈಲು ಸೇರಿದರು. 1977ರಲ್ಲಿ ರಾಜಿಯಾಯಿತು. ಜೈಲಿಗೆ ಹಾಕಿದವರ ಸರ್ಕಾರದಲ್ಲೇ 1979ರಲ್ಲಿ ಅಟಾರ್ನಿ ಜನರಲ್ ಆದರು. ಅವಕಾಶವಾದ ಅಂತ ಬೈದವರು ಬಹಳ. ಬೈಯುವವರು ಬೈಯುತ್ತಿರುವಾಗ ಒಳಗೆ ಏನು ನಡೆಯಿತು ನೋಡಿ. ಸೌದಿ ಬಂಡವಾಳದ ಫೈಸಲ್ ಇಸ್ಲಾಮಿಕ್ ಬ್ಯಾಂಕು ತೆರಿಗೆ ವಿನಾಯಿತಿಯೊಂದಿಗೆ ಬಾಗಿಲು ತೆರೆಯಿತು, ತುರಾಬಿಯ ಇಸ್ಲಾಮಿಸ್ಟ್ ಚಳವಳಿಯ ವ್ಯಾಪಾರಿಗಳಿಗೆ ಅಲ್ಲಿ ಬಂಡವಾಳ ಸಿಕ್ಕಿತು. ವಿದ್ಯಾರ್ಥಿ ಸಂಘ ಕೈಗೆ ಬಂತು. ಸೇನಾಧಿಕಾರಿಗಳಿಗೆ ಧರ್ಮಪಾಠದ ತರಗತಿಗಳು ನಡೆದವು.

1983ರ ಸೆಪ್ಟೆಂಬರಿನಲ್ಲಿ ಕೈ ಕಡಿಯುವ ಶಿಕ್ಷೆಯ ಕಾನೂನುಗಳು ಬಂದವು. ಕರಡು ಬರೆದವರು ಬೇರೆಯವರು, ಬೆಂಬಲಕ್ಕೆ ಬೀದಿಗಿಳಿದದ್ದು ತುರಾಬಿಯ ಜನ. 1985ರ ಜನವರಿ 18ರಂದು ಸುಧಾರಣಾವಾದಿ ಚಿಂತಕ ಮಹಮೂದ್ ಮುಹಮ್ಮದ್ ತಾಹಾ ಅವರನ್ನು ಧರ್ಮಭ್ರಷ್ಟತೆಯ ಆರೋಪದಲ್ಲಿ ಖಾರ್ಟೂಮಿನ ಕೋಬರ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ಸರ್ಕಾರದ ಜೊತೆಗೇ ಇದ್ದ ತುರಾಬಿಯ ಹೆಸರಿಗೆ ಅಂಟಿದ ಈ ಕಲೆ ಕೊನೆಯವರೆಗೂ ಹೋಗಲಿಲ್ಲ.

ನಿಮೇರಿ ಬಿದ್ದ ಮೇಲೆ 1986ರಲ್ಲಿ ಚುನಾವಣೆ. ತುರಾಬಿಯ ನ್ಯಾಷನಲ್ ಇಸ್ಲಾಮಿಕ್ ಫ್ರಂಟ್‌ಗೆ 51 ಸ್ಥಾನ, ಮೂರನೆಯ ಜಾಗ. ಅವುಗಳಲ್ಲಿ ದೊಡ್ಡ ಪಾಲು ಬಂದದ್ದು ಪದವೀಧರರಿಗೆಂದೇ ಇಟ್ಟ 28 ಸ್ಥಾನಗಳಿಂದ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳು ಗೊತ್ತಲ್ಲ, ಅದೇ ಬಗೆಯವು, ಆದರೆ ಅಲ್ಲಿ ನೇರ ಸಂಸತ್ತಿಗೇ ಹೋಗುತ್ತಿದ್ದವು. ಇಪ್ಪತ್ತು ವರ್ಷ ವಿದ್ಯಾರ್ಥಿ ಸಂಘ ಕಟ್ಟಿದ್ದು ಇಲ್ಲಿ ಫಲ ಕೊಟ್ಟಿತು. ಸಾಮಾನ್ಯ ಕ್ಷೇತ್ರಕ್ಕೆ ನಿಂತ ತುರಾಬಿಯನ್ನು ಮಾತ್ರ ಉಳಿದ ಪಕ್ಷಗಳೆಲ್ಲ ಒಂದಾಗಿ ಸೋಲಿಸಿದವು. ನಾಯಕನಿಗೆ ಮತ ಇಲ್ಲ, ಸಂಘಟನೆಗೆ ಬಲ ಇದೆ.

ಈಗ 1989ರ ಜೂನ್ 30ಕ್ಕೆ ಬರೋಣ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಆಗಿನ ಪ್ರಧಾನಿ ಸಾದಿಕ್ ಅಲ್ ಮಹದಿ. ಅವರ ತಂಗಿ ವಿಸಾಲ್ ತುರಾಬಿಯ ಹೆಂಡತಿ, ಅಂದರೆ ಭಾವಮೈದುನರ ಜಗಳ. ದಕ್ಷಿಣದ ಬಂಡುಕೋರರೊಂದಿಗೆ ಶಾಂತಿ ಮಾಡಿಕೊಳ್ಳಲು ಸರ್ಕಾರ ಆ ಸೆಪ್ಟೆಂಬರ್ ಕಾನೂನುಗಳನ್ನು ಅಮಾನತಿನಲ್ಲಿಡಲು ಹೊರಟಿತ್ತು. ಅಷ್ಟರಲ್ಲಿ ಒಮರ್ ಅಲ್ ಬಶೀರ್ ಎಂಬ ಬ್ರಿಗೇಡಿಯರ್ ರಾತ್ರೋರಾತ್ರಿ ಅಧಿಕಾರ ಹಿಡಿದ. ಪಕ್ಷದ ನಾಯಕರೆಲ್ಲ ಬಂಧನಕ್ಕೊಳಗಾದರು. ಸಾದಿಕ್ ಒಳಗೆ, ಕಮ್ಯುನಿಸ್ಟ್ ನಾಯಕ ನುಗುದ್ ಒಳಗೆ, ಅದೇ ಕೋಬರ್ ಜೈಲಿನಲ್ಲಿ ತುರಾಬಿಯೂ ಒಳಗೆ. ಇಸ್ಲಾಮಿಸ್ಟರ ನಾಯಕನೇ ಜೈಲಿನಲ್ಲಿರುವಾಗ ಈ ದಂಗೆ ಅವರದಾಗಲು ಹೇಗೆ ಸಾಧ್ಯ? ಹೊರಗಿನವರು ಹಾಗೆಯೇ ಎಣಿಸಿದರು. ಅಧ್ಯಕ್ಷ ಮುಬಾರಕ್‌ರ ಈಜಿಪ್ಟ್ ಎಲ್ಲರಿಗಿಂತ ಮೊದಲೇ ಮಾನ್ಯತೆ ಕೊಟ್ಟುಬಿಟ್ಟಿತು.

ಎಷ್ಟೋ ವರ್ಷಗಳ ಮೇಲೆ ತುರಾಬಿ ತಾವೇ ಬಾಯಿಬಿಟ್ಟರು. ನೀನು ಅಧ್ಯಕ್ಷನಾಗಿ ಅರಮನೆಗೆ ಹೋಗು, ನಾನು ಕೈದಿಯಾಗಿ ಜೈಲಿಗೆ ಹೋಗುತ್ತೇನೆ ಎಂದು ಬಶೀರ್‌ಗೆ ಹೇಳಿದ್ದು ತಾವೇ ಅಂತ. ಪಕ್ಕದ ಕೋಣೆಗಳಲ್ಲಿ ನಿಜವಾದ ಕೈದಿಗಳು, ನಡುವೆ ವೇಷದ ಕೈದಿ. ನೋಡಲು ಜಾಣ ಉಪಾಯ. ಅದರಲ್ಲಿ ಒಂದು ತೂತಿತ್ತು. ತುರಾಬಿ ಒಳಗಿದ್ದ ತಿಂಗಳುಗಳಲ್ಲಿ ಅಧಿಕಾರಿಗಳ ಜೊತೆ ದಿನಾ ವ್ಯವಹರಿಸಿದವರು ಅವರ ಶಿಷ್ಯ ಅಲಿ ಉಸ್ಮಾನ್. ಹೊರಗೆ ಬರುವಷ್ಟರಲ್ಲಿ ಅರಮನೆಯ ದಾರಿ ಶಿಷ್ಯನಿಗೆ ಚೆನ್ನಾಗಿ ಗೊತ್ತಾಗಿತ್ತು, ಬಂದೂಕು ಬಶೀರ್ ಕೈಯಲ್ಲಿತ್ತು. ಕಾನೂನು, ಬ್ಯಾಂಕು, ವಿಶ್ವವಿದ್ಯಾಲಯ ಮೂರೂ ಇವರ ಕಡೆ, ನಾಲ್ಕನೆಯದಾದ ಸೈನ್ಯ ಮಾತ್ರ ಬಾಡಿಗೆಗೆ ತಂದದ್ದು.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಖಾರ್ಟೂಮಿಗೆ ಬಿನ್ ಲಾದೆನ್ ಬಂದ, 1996ರವರೆಗೆ ಇದ್ದ. 1995ರಲ್ಲಿ ಅಡಿಸ್ ಅಬಾಬಾದಲ್ಲಿ ಮುಬಾರಕ್ ಹತ್ಯೆಗೆ ಯತ್ನ ನಡೆದು ಸುಡಾನಿನ ಮೇಲೆ ವಿಶ್ವಸಂಸ್ಥೆಯ ನಿರ್ಬಂಧ ಬಿತ್ತು. 1996ರಲ್ಲಿ ತುರಾಬಿ ಸಂಸತ್ತಿನ ಸ್ಪೀಕರ್ ಆದರು. ಆ ಕುರ್ಚಿಯಿಂದಲೇ 1999ರಲ್ಲಿ ಅಧ್ಯಕ್ಷರ ಅಧಿಕಾರ ಮೊಟಕುಗೊಳಿಸುವ ತಿದ್ದುಪಡಿ ತಂದರು. ಮತದಾನಕ್ಕೆ ಎರಡು ದಿನ ಮುಂಚೆ, ಡಿಸೆಂಬರ್ 12ರಂದು, ಬಶೀರ್ ಸಂಸತ್ತು ವಿಸರ್ಜಿಸಿ ತುರ್ತು ಪರಿಸ್ಥಿತಿ ಘೋಷಿಸಿದರು. ಆ ಡಾಕ್ಟರೇಟಿನ ವಿಷಯ ನೆನಪಿದೆಯಲ್ಲ? ಶಿಷ್ಯ ಅಲಿ ಉಸ್ಮಾನ್ ನಿಂತದ್ದು ಬಶೀರ್ ಪಕ್ಕದಲ್ಲಿ.

ಆಮೇಲೆ ಮತ್ತೆ ಮತ್ತೆ ಬಂಧನ, ಬಿಡುಗಡೆ. ಈ ಸಲದ ಜೈಲು ನಿಜವಾದದ್ದು. 2006ರಲ್ಲಿ ಮುಸ್ಲಿಂ ಹೆಣ್ಣು ಕ್ರೈಸ್ತನನ್ನೋ ಯಹೂದಿಯನ್ನೋ ಮದುವೆಯಾಗಬಹುದು, ಅವಳ ಸಾಕ್ಷ್ಯ ಗಂಡಿನ ಸಾಕ್ಷ್ಯಕ್ಕೆ ಸಮ ಎಂದರು. ಈಗ ಧರ್ಮಭ್ರಷ್ಟ ಅನ್ನಿಸಿಕೊಳ್ಳುವ ಸರದಿ ಅವರದೇ ಆಯಿತು. ಬಶೀರ್ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಶರಣಾಗಲಿ ಎಂದದ್ದಕ್ಕೆ 2009ರಲ್ಲಿ ಮತ್ತೆ ಒಳಗೆ. 2016ರ ಮಾರ್ಚ್ 5ರಂದು ಖಾರ್ಟೂಮಿನಲ್ಲಿ ತೀರಿಕೊಂಡರು.

ಆ ಉದಾರ ಫತ್ವಾಗಳನ್ನು ಹೊಗಳಿ ಬರೆಯುವವರು ಇದ್ದಾರೆ, ಬರೆಯಲಿ. ಫತ್ವಾ ಕೊಟ್ಟಾಗ ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ. ಅಧಿಕಾರ ಇದ್ದಾಗ, 1991ರಲ್ಲಿ ಬಂದ ದಂಡಸಂಹಿತೆಯ 126ನೇ ಕಲಮು ಧರ್ಮ ಬಿಟ್ಟವರಿಗೆ ಮರಣದಂಡನೆ ಎಂದಿತ್ತು. ಅದು ರದ್ದಾದದ್ದು 2020ರಲ್ಲಿ, ತುರಾಬಿ ತೀರಿಕೊಂಡು ನಾಲ್ಕು ವರ್ಷಕ್ಕೆ, ಬಶೀರ್ ಪದಚ್ಯುತರಾದ ಮರುವರ್ಷ.