ಕ್ಯಾರವಾನ್ ಕಿಟಕಿಯ ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು

ಕೇಳುಗರಿಗೆ ನಮಸ್ಕಾರ.

ಗೋಡೆಗೂ ಚಾವಣಿಗೂ ಶಾಖನಿರೋಧಕ ತುಂಬಿಸಿದ್ದಾಯಿತು, ಎ.ಸಿ. ಇಡೀ ದಿನ ಓಡುತ್ತಿದೆ, ಆದರೂ ಮಧ್ಯಾಹ್ನ ಕ್ಯಾರವಾನಿನೊಳಗೆ ಕೂರಲಾಗುವುದಿಲ್ಲ. ಹೀಗೆ ಹೇಳುವವರು ಮೊದಲು ನೋಡಬೇಕಾದದ್ದು ಕಿಟಕಿಗಳನ್ನು. ಸಣ್ಣ ಲೆಕ್ಕ ಹಾಕೋಣ. ಮೋಡವಿಲ್ಲದ ದಿನ ಪಶ್ಚಿಮಕ್ಕಿರುವ ಕಿಟಕಿಯ ಮೇಲೆ ಇಳಿಬಿಸಿಲು ಚದರ ಮೀಟರಿಗೆ 700 ವ್ಯಾಟ್‌ನಷ್ಟು ಬೀಳಬಹುದು. ಒಂದೇ ಪದರದ ತಿಳಿ ಗಾಜು ಅದರಲ್ಲಿ ಹೆಚ್ಚುಕಡಿಮೆ ಶೇಕಡಾ 80ನ್ನು ಒಳಗೆ ಬಿಡುತ್ತದೆ. 60 ಸೆಂಟಿಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ನಾಲ್ಕು ಕಿಟಕಿಗಳು ಆ ಬದಿಗಿದ್ದರೆ ಒಳಗೆ ಬರುವುದು ಸುಮಾರು 1,200 ವ್ಯಾಟ್. ಬೇಸಿಗೆಯಲ್ಲಿ ರೂಮ್ ಹೀಟರ್ ಹಚ್ಚಿಟ್ಟು ಕೂತ ಹಾಗೆ. ಚಾವಣಿಯ ಮೇಲಿನ 13,500 ಬಿಟಿಯು ಎ.ಸಿ. ಹೊರಹಾಕುವುದು ಹೆಚ್ಚೆಂದರೆ 4,000 ವ್ಯಾಟ್ ಶಾಖ. ಅದರಲ್ಲಿ ಮೂರನೇ ಒಂದರ ಹತ್ತಿರ ಆ ನಾಲ್ಕು ಕಿಟಕಿಗಳಿಗೇ ಖರ್ಚಾಗುತ್ತದೆ.

ಪರದೆ ಎಳೆದರೆ ಸಾಕಲ್ಲವೇ? ಸಾಲದು. ಬಿಸಿಲು ಗಾಜು ದಾಟಿ ಬಂದು ಪರದೆಯನ್ನು ಕಾಯಿಸುತ್ತದೆ. ಕಾದ ಪರದೆ ಹೊರಸೂಸುವ ಶಾಖಕಿರಣಗಳು ಗಾಜಿನ ಮೂಲಕ ನೇರವಾಗಿ ವಾಪಸು ಹೋಗಲಾರವು. ಪರದೆಗೂ ಗಾಜಿಗೂ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಕೋಣೆಗೇ ಸುರಿಯುತ್ತದೆ. ಅದೇ ಪರದೆ ಗಾಜಿನ ಹೊರಗಿದ್ದರೆ ಅದು ಹೀರಿದ ಕಾವನ್ನು ಹೊರಗಿನ ಗಾಳಿಯೇ ಒಯ್ಯುತ್ತದೆ. ಹಾಗಾಗಿ ಹಣವಾಗಲಿ ಶ್ರಮವಾಗಲಿ ಮೊದಲು ಹೋಗಬೇಕಾದದ್ದು ಗಾಜಿನ ಹೊರಮೈಗೆ.

ಹೊರಗೆ ಹಾಕಲು ಒಳ್ಳೆಯದು ಶೇಕಡಾ 80ರಿಂದ 90ರಷ್ಟು ಬಿಸಿಲು ತಡೆಯುವ ಜಾಳಿಗೆ ಬಟ್ಟೆ, ಅಂದರೆ ಶೇಡ್ ನೆಟ್ ಜಾತಿಯದು. ಕಪ್ಪು ಬಣ್ಣದ್ದಾದರೆ ಒಳಗಿನಿಂದ ಹೊರಗಿನ ನೋಟ ಚೆನ್ನಾಗಿ ಕಾಣುತ್ತದೆ. ಕಪ್ಪು ಬಿಸಿಯಾಗುವುದು ನಿಜ, ಆದರೆ ಆ ಬಿಸಿ ಹೊರಗೇ ಉಳಿಯುತ್ತದೆ. ಅದಕ್ಕಾಗಿ ಬಟ್ಟೆ ಗಾಜಿಗೆ ಅಂಟಿಕೊಳ್ಳಬಾರದು, ಮೂರು ನಾಲ್ಕು ಸೆಂಟಿಮೀಟರ್ ಸಂದು ಬೇಕು, ಮೇಲೆ ಕೆಳಗೆ ಗಾಳಿ ಆಡಬೇಕು. ಅಳತೆ ತೆಗೆಯುವಾಗ ಕಿಟಕಿಯ ಚೌಕಟ್ಟಿಗಿಂತ ಪ್ರತಿ ಬದಿಯಲ್ಲೂ ಐದು ಸೆಂಟಿಮೀಟರ್ ಹೆಚ್ಚು ಇಟ್ಟುಕೊಳ್ಳಿ. ಅಂಚನ್ನು ಎರಡು ಮಡಿಕೆ ಮಾಡಿ, ಬಿಸಿಲಿಗೆ ತಡೆಯುವ ಪಾಲಿಯೆಸ್ಟರ್ ದಾರದಲ್ಲಿ ಹೊಲಿಯಿರಿ. ಹತ್ತಿ ದಾರ ಬಿಸಿಲಿಗೂ ಮಳೆಗೂ ಬೇಗ ಹಿಸಿದುಹೋಗುತ್ತದೆ.

ಸಿಕ್ಕಿಸುವುದರಲ್ಲೇ ಹೆಚ್ಚಿನವರು ಸೋಲುವುದು. ಆಯಸ್ಕಾಂತ ಸುಲಭ, ಆದರೆ ಉಕ್ಕಿನ ಮೈಯಿರುವ ವ್ಯಾನಿಗೆ ಮಾತ್ರ. ಫೈಬರ್‌ಗ್ಲಾಸ್‌ಗೂ ಅಲ್ಯೂಮಿನಿಯಂಗೂ ಅದು ಕಚ್ಚುವುದಿಲ್ಲ. ಹಾಗಾಗಿ ಬಟ್ಟೆ ಕೊಳ್ಳುವ ಮುಂಚೆ ಒಂದು ಸಣ್ಣ ಆಯಸ್ಕಾಂತ ಹಿಡಿದು ಗಾಡಿಯ ಮೈಯನ್ನು ಪರೀಕ್ಷಿಸಿ. ಆಯಸ್ಕಾಂತವನ್ನು ಅಂಚಿನ ಮಡಿಕೆಯೊಳಗೇ ಹೊಲಿದುಬಿಟ್ಟರೆ ಬಣ್ಣ ಗೀಚುವುದಿಲ್ಲ. ಹೀರು ಬಟ್ಟಲುಗಳು, ಅಂದರೆ ಸಕ್ಷನ್ ಕಪ್‌ಗಳು, ಕಾದ ಗಾಜಿನ ಮೇಲೆ ಮೆತ್ತಗಾಗಿ ಉದುರುತ್ತವೆ. ಅವನ್ನೇ ಬಳಸುವುದಾದರೆ ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಬೆಳಗಿನ ತಂಪಿನಲ್ಲೇ ಒತ್ತಬೇಕು. ತುಂಬ ಕಾಲ ಬಾಳುವುದು ಪ್ರೆಸ್ ಬಟನ್. ಆದರೆ ಅದಕ್ಕೆ ಮೈಯಲ್ಲಿ ರಂಧ್ರ ಕೊರೆಯಬೇಕು. ಪ್ರತಿ ಸ್ಕ್ರೂವಿನ ಕೆಳಗೂ ಸೀಲಂಟ್, ಅಂದರೆ ನೀರು ತಡೆಯುವ ಅಂಟು, ಇಡದಿದ್ದರೆ ಮಳೆನೀರು ಗೋಡೆಯೊಳಗೆ ಇಳಿದು, ಹೊರಗೆ ಏನೂ ಕಾಣದಂತೆ ಮರದ ಚೌಕಟ್ಟನ್ನು ಕೊಳೆಸುತ್ತದೆ. ತುರ್ತು ನಿರ್ಗಮನದ ಕಿಟಕಿ ಯಾವುದೆಂದು ಮೊದಲೇ ಗುರುತಿಸಿ. ಅದರ ಹೊದಿಕೆ ಒಳಗಿನಿಂದ ತಳ್ಳಿದರೆ ಕಳಚಿ ಬೀಳುವಂತಿರಬೇಕು.

ಮುಂದಿನ ಗಾಜು ಎಲ್ಲಕ್ಕಿಂತ ದೊಡ್ಡದು, ಓರೆಯಾಗಿಯೂ ಇರುತ್ತದೆ. ಆದ್ದರಿಂದ ಎತ್ತರದ ಸೂರ್ಯನ ಬಿಸಿಲೂ ಅದಕ್ಕೆ ಧಾರಾಳವಾಗಿ ತಗಲುತ್ತದೆ. ಅದಕ್ಕೆ ಹೊರಗಿನ ಹೊದಿಕೆಯೇ ಸರಿ. ಎರಡೂ ಬದಿಯ ಬಟ್ಟೆಯನ್ನು ಬಾಗಿಲೊಳಕ್ಕೆ ಮಡಿಸಿ ಬಾಗಿಲು ಹಾಕಿದರೆ ಗಾಳಿಗೆ ಹಾರದು, ಕಳ್ಳತನಕ್ಕೂ ತಡೆ. ಹೊರಡುವ ಮುಂಚೆ ತೆಗೆಯಲೇಬೇಕು, ಅದಕ್ಕಾಗಿ ಸ್ಟೀರಿಂಗ್‌ಗೆ ಒಂದು ಕೆಂಪು ಪಟ್ಟಿ ಕಟ್ಟಿಡಿ.

ಚಾವಣಿಯ ಗವಾಕ್ಷಿಯನ್ನು ಬಹಳ ಮಂದಿ ಮರೆಯುತ್ತಾರೆ. ನಡುಹಗಲಲ್ಲಿ ಅದರಷ್ಟು ನೇರ ಬಿಸಿಲು ಪಕ್ಕದ ಯಾವ ಕಿಟಕಿಗೂ ಬೀಳುವುದಿಲ್ಲ. ಹಲವು ಗಾಡಿಗಳಲ್ಲಿ ಅದು 14 ಅಂಗುಲದ ಚೌಕ. ಐದು ಸೆಂಟಿಮೀಟರ್ ದಪ್ಪದ ಫೋಮ್ ಅನ್ನು ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಒಂದು ಮುಖಕ್ಕೆ ಹೊಳೆಯುವ ಫಾಯಿಲ್ ಅಂಟಿಸಿ, ಆ ಮುಖ ಮೇಲಾಗುವಂತೆ ಒತ್ತಿ ಕೂರಿಸಿ. ಫ್ಯಾನ್ ಹಾಕುವ ಮುಂಚೆ ತೆಗೆಯಿರಿ.

ಹೊರಗೆ ಹಾಕಲಾಗದ ಕಡೆ ಒಳಗಿನ ಫಾಯಿಲ್ ಬಬಲ್ ಶೀಟ್, ಅಂದರೆ ಗಾಳಿಗುಳ್ಳೆಗಳಿರುವ ಹೊಳೆಯುವ ಹಾಳೆ, ಎರಡನೆಯ ಆಯ್ಕೆ. ಬಿಸಿಲನ್ನು ಹೀರದೆ ಬೆಳಕಾಗಿಯೇ ಗಾಜಿನಾಚೆ ತಿರುಗಿಸುವುದರಿಂದ ಬಟ್ಟೆಯ ಪರದೆಗಿಂತ ಎಷ್ಟೋ ಮೇಲು. ಹಳೆಯ ಪತ್ರಿಕೆಯಲ್ಲಿ ಕಿಟಕಿಯ ಅಚ್ಚು ತೆಗೆದು, ಸುತ್ತ ಅರ್ಧ ಸೆಂಟಿಮೀಟರ್ ಹೆಚ್ಚಿಟ್ಟು ಕತ್ತರಿಸಿ. ಆಗ ಅಂಟು, ಕೊಂಡಿ ಯಾವುದೂ ಬೇಡ, ಚೌಕಟ್ಟೇ ಹಿಡಿದುಕೊಳ್ಳುತ್ತದೆ. ಅಂಚಿಗೆ ಫಾಯಿಲ್ ಟೇಪ್ ಸುತ್ತದಿದ್ದರೆ ಗುಳ್ಳೆಗಳು ಒಡೆದು ಶೀಟ್ ಸಡಿಲವಾಗುತ್ತದೆ. ಯಾವ ಶೀಟ್ ಯಾವ ಕಿಟಕಿಗೆ, ಮೇಲುಬದಿ ಯಾವುದು ಎಂದು ಬರೆದಿಡಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಲವು ಕ್ಯಾರವಾನ್‌ಗಳ ಕಿಟಕಿ ಗಾಜಲ್ಲ, ಎರಡು ಪದರದ ಅಕ್ರಿಲಿಕ್. ಉಗುರಿನಿಂದ ತಟ್ಟಿದರೆ ಪ್ಲಾಸ್ಟಿಕ್ಕಿನ ಮಂದ ಸದ್ದು ಬರುತ್ತದೆ. ಇದರ ಒಳಗೆ ಬಿಸಿಲಲ್ಲಿ ಬ್ಲೈಂಡನ್ನು ಪೂರ್ತಿ ಮುಚ್ಚಿದರೆ ನಡುವೆ ಸಿಕ್ಕ ಶಾಖಕ್ಕೆ ಅಕ್ರಿಲಿಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಬ್ಲೈಂಡ್ ಕೆಳಗೆ ನಾಲ್ಕು ಬೆರಳಗಲ ತೆರೆದಿರಲಿ. ಟಿಂಟ್ ಫಿಲ್ಮನ್ನು ಅಕ್ರಿಲಿಕ್‌ಗೆ ಅಂಟಿಸುವುದೇ ಬೇಡ. ಸ್ಪಿರಿಟ್ಟಿನಿಂದಲೂ ಅದನ್ನು ಒರೆಸಬಾರದು, ಮೈಯೆಲ್ಲ ಕೂದಲೆಳೆಯಂಥ ಸೀಳು ಬೀಳುತ್ತವೆ. ಎರಡು ಪದರದ ಗಾಜಿನಲ್ಲೂ ಬಿಸಿಲು ಹೀರುವ ಕಪ್ಪು ಫಿಲ್ಮ್ ಅಂಟಿಸಿದರೆ ಗಾಜು ಅಸಮವಾಗಿ ಕಾದು ಒಡೆಯುವುದುಂಟು, ಅಂಚಿನ ಸೀಲ್ ಸೋತು ನಡುವೆ ಮಂಜು ಕಟ್ಟುವುದೂ ಉಂಟು. ಮುಂದಿನ ಗಾಜಿನ ಫಿಲ್ಮಿಗೆ ಅನೇಕ ಕಡೆ ಕಾನೂನಿನ ಮಿತಿಯಿದೆ.

ಗಾಡಿ ನಿಲ್ಲಿಸುವ ದಿಕ್ಕಿಗೆ ಬಿಡಿಗಾಸೂ ಬೇಡ. ಬೇಸಿಗೆಯಲ್ಲಿ ಹೆಚ್ಚು ಕಾಡುವುದು ಪಶ್ಚಿಮ. ಆ ಹೊತ್ತಿಗೆ ಗಾಳಿಯೂ ಕಾದಿರುತ್ತದೆ, ಸೂರ್ಯ ತಗ್ಗಿರುವುದರಿಂದ ಪಕ್ಕಕ್ಕೆ ಬಿಚ್ಚುವ ಚಪ್ಪರದ ಕೆಳಗೂ ಬಿಸಿಲು ನುಗ್ಗುತ್ತದೆ. ಹಿಂಭಾಗದಲ್ಲಿ ಕಿಟಕಿ ಕಡಿಮೆಯಿದ್ದರೆ ಅದನ್ನೇ ಪಶ್ಚಿಮಕ್ಕೆ ಕೊಟ್ಟು ನಿಲ್ಲಿಸಿ. ಆಗ ಮುಂದಿನ ಗಾಜು ಪೂರ್ವಕ್ಕಿದ್ದು, ಅದಕ್ಕೆ ಇಳಿಬಿಸಿಲು ತಪ್ಪುತ್ತದೆ.

ಇಷ್ಟು ಮಾಡಿದ ಮೇಲೆ ಫಲ ಅಳೆದು ನೋಡಬೇಕೆನ್ನುವವರು ಗುರಿಯಿಟ್ಟು ಒತ್ತುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುತ್ತಾರೆ. ಅದನ್ನು ಹೊಳೆಯುವ ಫಾಯಿಲ್‌ನತ್ತ ಹಿಡಿದರೆ ಸುಳ್ಳು ಅಂಕಿ ತೋರಿಸುತ್ತದೆ, ಏಕೆಂದರೆ ಫಾಯಿಲ್ ತನ್ನ ಶಾಖವನ್ನು ಸೂಸುವುದಕ್ಕಿಂತ ಸುತ್ತಲಿನದನ್ನು ಪ್ರತಿಫಲಿಸುವುದೇ ಹೆಚ್ಚು. ಫಾಯಿಲ್ ಮೇಲೆ ಕಾಗದದ ಮಾಸ್ಕಿಂಗ್ ಟೇಪಿನ ಒಂದು ತುಂಡು ಅಂಟಿಸಿ, ಐದು ನಿಮಿಷ ಬಿಟ್ಟು, ಆ ಟೇಪಿಗೆ ಗುರಿ ಹಿಡಿದು ಓದಿ. ನಮಸ್ಕಾರ.