ಹಡರ್ಸ್‌ಫೀಲ್ಡಿನ ಹುಡುಗರು

ಕೇಳುಗರೆಲ್ಲರಿಗೂ ನಮಸ್ಕಾರ.

ಅತಿ ವೇಗದ, ಅಬ್ಬರದ ರಾಕ್ ಸಂಗೀತವಾದ ಥ್ರ್ಯಾಶ್ ಮೆಟಲ್‌ನ ಹೆಸರು ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವವರು ನಿಮ್ಮಲ್ಲಿರಬಹುದು. ಸ್ವಲ್ಪ ತಾಳಿ, ನಾನಿನ್ನೂ ಹಾಡು ಹಾಕಿಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿದೆ. ಹಿಂದೆ ಉಣ್ಣೆಯ ಗಿರಣಿಗಳಿಗೆ ಹೆಸರಾಗಿತ್ತು. ಅಲ್ಲಿನ ಕೆಲವು ಹುಡುಗರು ಅಮೆರಿಕದ ಹೆಸರಾಂತ ಥ್ರ್ಯಾಶ್ ತಂಡ ಮೆಟಾಲಿಕಾದ ಹಾಡುಗಳನ್ನು ನುಡಿಸಿಕೊಂಡಿದ್ದರು. ತಂಡದ ಹೆಸರೂ ಎರವಲೇ: 'ಮೆಟಲ್ ಮಿಲಿಷಿಯಾ' ಎಂಬುದು ಮೆಟಾಲಿಕಾದ ಮೊದಲ ಆಲ್ಬಮ್ಮಿನ ಕೊನೆಯ ಹಾಡು. 2004ರಲ್ಲಿ 'ಈವೈಲ್' ಎಂದು ಹೆಸರು ಬದಲಿಸಿಕೊಂಡು ಸ್ವಂತ ಹಾಡು ಕಟ್ಟಲು ಕುಳಿತರು.

ಆ ಹೊತ್ತಿಗೆ ಥ್ರ್ಯಾಶ್ ಹಳೆಯ ಸರಕು. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೊತ್ತಿಕೊಂಡ ಬೆಂಕಿ ತೊಂಬತ್ತರಲ್ಲಿ ತಣ್ಣಗಾಗಿತ್ತು. ಅದರ ಬೂದಿ ಕೆದಕಿದ್ದು ಹೊಸ ತಲೆಮಾರಿನ ತಂಡಗಳು: ಅಮೆರಿಕದಲ್ಲಿ ಮುನಿಸಿಪಲ್ ವೇಸ್ಟ್, ವಾರ್‌ಬ್ರಿಂಗರ್; ಇಂಗ್ಲೆಂಡಿನಲ್ಲಿ ಈವೈಲ್.

ಅವರ ಚೊಚ್ಚಲ ಆಲ್ಬಮ್ 'ಎಂಟರ್ ದ ಗ್ರೇವ್' ಬಂದದ್ದು 2007ರ ಆಗಸ್ಟಿನಲ್ಲಿ. ಅದನ್ನು ರೂಪಿಸಿಕೊಟ್ಟವರು ಯಾರು ಗೊತ್ತೇ? ಡೆನ್ಮಾರ್ಕಿನ ಫ್ಲೆಮಿಂಗ್ ರಾಸ್ಮುಸೆನ್. 1986ರಲ್ಲಿ ಹೊರಬಂದ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮಿಗಾಗಿ ಧ್ವನಿಮುದ್ರಣ ಯಂತ್ರದ ಮುಂದೆ ಕುಳಿತಿದ್ದವರೂ ಅವರೇ. ಏಕಲವ್ಯನಿಗೆ ಕೊನೆಗೆ ದ್ರೋಣರ ಮನೆಯ ಬಾಗಿಲು ತೆರೆದಂತಾಯಿತು. ಹೆಬ್ಬೆರಳು ಉಳಿಯಿತು, ಗಿಟಾರಿಗೆ ಅದು ಬೇಕಲ್ಲ!

ಈ ಸಂಗೀತದ ಮರ್ಮವಿರುವುದು ಬಲಗೈಯಲ್ಲಿ. ಅಂಗೈಯ ಅಂಚನ್ನು ತಂತಿಗೆ ಒತ್ತಿಕೊಂಡೇ ಮೀಟುವುದರಿಂದ ನಾದ ಹರಡುವುದಿಲ್ಲ, ಕೊಡಲಿ ಏಟಿನಂತೆ ತುಂಡುತುಂಡಾಗಿ ಬೀಳುತ್ತದೆ. ಡ್ರಮ್ ಬಾರಿಸುವವನ ಎರಡೂ ಕಾಲುಗಳು ಅದರ ಕೆಳಗೆ ಓಡುತ್ತಿರುತ್ತವೆ. ಆ ವೇಗದಲ್ಲಿ ಒಬ್ಬನ ಕೈ ಜಾರಿದರೂ ಎಲ್ಲವೂ ಗದ್ದಲ. ಈವೈಲ್ ತಂಡದ ಡ್ರೇಕ್ ಸಹೋದರರಾದ ಮ್ಯಾಟ್ ಮತ್ತು ಓಲ್ ಅವರ ಗಿಟಾರುಗಳು ಇಲ್ಲಿ ಜಾರುವುದಿಲ್ಲ.

ಇದು ಬರೀ ನಕಲು ಎಂದು ಮೂಗು ಮುರಿದವರಿದ್ದರು. ಕಿರಾಣಾ ಘರಾಣೆಯ ಶಿಷ್ಯ ಗುರುವಿನಂತೆಯೇ ಸ್ವರ ಹಚ್ಚಿದರೆ ನಾವು ಅದನ್ನು ನಕಲು ಎನ್ನುತ್ತೇವೆಯೇ? ತಾಲೀಮು ಎನ್ನುತ್ತೇವೆ. ಆದರೆ ಸಾಹಿತ್ಯದ ವಿಷಯದಲ್ಲಿ ನನಗೂ ತಕರಾರಿದೆ. ಸಮಾಧಿ, ನೆತ್ತರು, ಕಡಲಾಳದಿಂದ ಎದ್ದು ಬರುವ ಶಾರ್ಕ್ ಮೀನು! ಹಡರ್ಸ್‌ಫೀಲ್ಡಿನ ಒಂದು ಬೀದಿಯಾಗಲಿ, ಒಂದು ಗಿರಣಿಯಾಗಲಿ ಆ ಹತ್ತು ಹಾಡುಗಳಲ್ಲಿ ನನಗೆ ಸಿಗಲಿಲ್ಲ.

ಈಗ ಅದೇ ಆಲ್ಬಮ್ಮಿನ 'ಥ್ರ್ಯಾಶರ್' ಕೇಳೋಣ. ಗಿಟಾರುಗಳ ಅಡಿಯಲ್ಲಿರುವ ಬೇಸ್ ನಾದವನ್ನು ಹುಡುಕಿ ಕೇಳಿ. ಅದನ್ನು ನುಡಿಸಿದ ಮೈಕ್ ಅಲೆಕ್ಸಾಂಡರ್ 2009ರ ಅಕ್ಟೋಬರಿನಲ್ಲಿ, ತಂಡದ ಎರಡನೆಯ ಆಲ್ಬಮ್ ಬಂದ ಕೆಲವೇ ದಿನಗಳಲ್ಲಿ, ಸ್ವೀಡನ್ನಿನ ಪ್ರವಾಸದಲ್ಲಿದ್ದಾಗ ತೀರಿಕೊಂಡರು. ಪಕ್ಕದ ಕೋಣೆಯಲ್ಲಿ ಹಿರಿಯರು ಮಲಗಿದ್ದರೆ ರೇಡಿಯೊದ ಧ್ವನಿಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ.